ನಳಿಗೆಯ ಬಾಯಿಗಿಟ್ಟ ಸೇವಂತಿಗೆ

ಸಮರ್‌ಸೆಟ್

ಅಮೆರಿಕಕ್ಕೆ ಹೋಗಿಬಂದವರು ಜಲಪಾತದ ಮುಂದೆ ನಿಂತ ಫೋಟೋ ತೋರಿಸಬೇಕೆಂಬುದು ನಮ್ಮಲ್ಲಿ ನಿಯಮವೇ ಆಗಿಬಿಟ್ಟಿದೆ. ನನ್ನ ಹತ್ತಿರ ಇರುವುದು ಒಂದು ಬೇಸ್‌ಮೆಂಟಿನ ಫೋಟೋ. ಬಣ್ಣದ ಡಬ್ಬಿಗೆ ಫೋನ್ ಒರಗಿಸಿ ತೆಗೆದದ್ದು. ಅದರಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸ್, ಒಂದೆರಡು ಅರ, ಒಬ್ಬ ಬೋಳುತಲೆಯ ಮುದುಕ, ಪಕ್ಕದಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ ನಾನು. ನೋಡಿದವರೆಲ್ಲ "ಇದೇನ್ರೀ, ಅಲ್ಲಿ ನಿಮ್ಮನ್ನ ಅರೆಸ್ಟ್ ಮಾಡಿದ್ರಾ?" ಎಂದು ಕೇಳುತ್ತಾರೆ. ಅರೆಸ್ಟೇನೂ ಆಗಲಿಲ್ಲ. ಆದರೆ ಕೈ ಕಟ್ಟಿಕೊಂಡದ್ದಕ್ಕೆ ಕಾರಣ ಮಾತ್ರ ಕಾನೂನೇ.

ನಾನು ಮೈಸೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿ ಫೋರ್‌ಮನ್ ಆಗಿ ಹೊರಬಂದವನು. ಊರೂರು ಸುತ್ತುವ ಹುಚ್ಚು ನನಗಿಲ್ಲ. ಲಲಿತಕ್ಕ "ನಾನು ಸಾಯೋದ್ರೊಳಗೆ ಒಂದ್ಸಲ ನಮ್ಮನೆಗೆ ಬಾರೋ" ಎಂದು ಪ್ರತಿ ದಸರೆಗೂ ಫೋನಿನಲ್ಲಿ ಹೆದರಿಸುತ್ತಿದ್ದಳು. ಈ ಸಲ ಹೋಗಿಬಿಟ್ಟೆ. ಅವಳ ಮನೆ ಇರುವುದು ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ. ಭಾವ ಔಷಧ ಕಂಪನಿಯೊಂದರಿಂದ ನಿವೃತ್ತರಾಗಿ ಈಗ ಸೋಫಾದ ಒಂದು ಮೂಲೆಯಲ್ಲಿ ಖಾಯಮ್ಮಾಗಿದ್ದಾರೆ. ಆ ಬೀದಿಯಲ್ಲಿ ಸಂಜೆ ನಡೆದರೆ ಒಂದು ಮನೆಯಿಂದ ಇಂಗಿನ ವಾಸನೆ, ಇನ್ನೊಂದರಿಂದ ಕರಿಬೇವಿನದು. ಎಲ್ಲಿಗೆ ಬಂದೆ ಎಂದು ಅನುಮಾನವಾಗುತ್ತದೆ.

ಅಕ್ಕನ ಮನೆಯ ಎಡಕ್ಕೆ ಫ್ರ್ಯಾಂಕ್ ಇದ್ದ. ಊರಿನ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ನಮ್ಮಕ್ಕನಿಗಿಂತ ದೊಡ್ಡವನಾದರೂ ಎಲ್ಲರೂ ಕರೆಯುವುದನ್ನು ಕೇಳಿ ಆತನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ನಾನು ಬಂದ ಮರುದಿನವೇ ಬಾಗಿಲಿಗೆ ಬಂದು ಕೈಕುಲುಕಿದ. ಅಕ್ಕ ಆಗಷ್ಟೇ ಕರಿದ ಕೋಡುಬಳೆ ಕೊಟ್ಟಳು. ಮಾತಿನ ಭರದಲ್ಲಿ ಆ ಬಾಣಲೆಯದು ಸೀದುಹೋಗಿತ್ತು. ನಾನೇ ಒಂದು ಕಚ್ಚಿ ಮೆಲ್ಲಗೆ ಕೆಳಗಿಟ್ಟಿದ್ದೆ. ಫ್ರ್ಯಾಂಕ್ ಪೂರ್ತಿ ತಿಂದು, ಬಾಯೊರೆಸಿಕೊಂಡು, "ವಂಡರ್‌ಫುಲ್!" ಎಂದ.

ಆತ ಹೋದ ಮೇಲೆ ಅಕ್ಕ ತಟ್ಟೆಯನ್ನೇ ನೋಡುತ್ತ ಕೂತಳು. "ಇಪ್ಪತ್ತು ವರ್ಷದ ಮೇಲಾಯ್ತು ಕಣೋ ಸೀನ. ಅವನಿಗೆ ಏನಿಷ್ಟ, ಏನಿಷ್ಟ ಇಲ್ಲ ಒಂದೂ ಗೊತ್ತಾಗ್ಲಿಲ್ಲ. ಏನು ಕೊಟ್ರೂ ವಂಡರ್‌ಫುಲ್. ಬೇಕು ಅಂತ ಕೇಳಲ್ಲ, ಬೇಡ ಅಂತ ಹೇಳಲ್ಲ. ಹೋದ ವರ್ಷ ಮಂಡಿ ಆಪರೇಶನ್ ಆಯ್ತು, ನಾನು ಡ್ರೈವ್ ಮಾಡಿ ಹಾಸ್ಪಿಟಲ್‌ಗೆ ಬಿಡ್ತೀನಿ ಅಂದೆ. ಐ ಆ್ಯಮ್ ಫೈನ್ ಅಂದ್ಬಿಟ್ಟು ಟ್ಯಾಕ್ಸಿ ತರಿಸ್ಕೊಂಡು ಹೋದ. ನಾನೇನು ಹೊರಗಿನವಳಾ?"

"ಒಳ್ಳೆ ಮನುಷ್ಯ ಕಣೇ. ತೊಂದ್ರೆ ಕೊಡಬಾರ್ದು ಅಂತ ಇರ್ಬೇಕು," ಎಂದೆ.

"ತೊಂದ್ರೆ ಕೊಡದೇ ಇರೋರನ್ನ ಇಟ್ಕೊಂಡು ಏನ್ಮಾಡ್ಲಿ?" ಎಂದಳು ಅಕ್ಕ.

ಅವಳ ಸಂಕಟ ನನಗೆ ಅರ್ಥವಾಯಿತು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮ ಪಕ್ಕದ ಮನೆಯಾಕೆ ನಮ್ಮ ನುಗ್ಗೆಮರದ ಎಲೆ ತನ್ನ ಅಂಗಳಕ್ಕೆ ಬೀಳುತ್ತದೆಂದು ಬೆಳಿಗ್ಗೆ ಬೀದಿಗೆ ಕೇಳುವಂತೆ ಬೈಯುತ್ತಾಳೆ, ಮಧ್ಯಾಹ್ನ ಅದೇ ಮರದ ಕಾಯಿಯ ಹುಳಿ ಮಾಡಿ ಒಂದು ಪಾತ್ರೆ ಕಳಿಸುತ್ತಾಳೆ. ನಾವು ಅವಳಿಗೆ ಏನು ಎಂಬುದರ ಬಗ್ಗೆ ನಮಗೆ ಯಾವ ಸಂಶಯವೂ ಇಲ್ಲ. ಇಲ್ಲಿ ಎಲ್ಲರೂ ನಗುತ್ತಾರೆ, ಎಲ್ಲರೂ ಬಾಗಿಲು ಹಿಡಿದು ನಿಲ್ಲುತ್ತಾರೆ. ನನಗೆ ಮೊದಲ ಎರಡು ದಿನ ಹಿತವಾಯಿತು. ಮೂರನೆಯ ದಿನ ಯಾರಾದರೂ ಒಬ್ಬರು ರೇಗಿದರೆ ಸಾಕಪ್ಪ ಎನ್ನಿಸತೊಡಗಿತು.

ಪಕ್ಕದ ಮನೆಯ ಬೇಸ್‌ಮೆಂಟ್

ನಾನು ಮೆಕ್ಯಾನಿಕ್ ಎಂದು ತಿಳಿದದ್ದೇ ಫ್ರ್ಯಾಂಕ್ ಒಂದು ಬೆಳಿಗ್ಗೆ ಬಂದು "ನಿನಗೊಂದು ವಸ್ತು ತೋರಿಸಬೇಕು" ಎಂದು ಕರೆದುಕೊಂಡು ಹೋದ. ಆತನ ಬೇಸ್‌ಮೆಂಟ್ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಗೋಡೆಯ ತುಂಬ ಅರ, ಸ್ಪ್ಯಾನರ್, ಸುತ್ತಿಗೆ. ಪ್ರತಿಯೊಂದರ ಹಿಂದೆಯೂ ಅದರದೇ ಆಕಾರದ ಗೆರೆ ಬರೆದಿತ್ತು, ತೆಗೆದದ್ದನ್ನು ಎಲ್ಲಿ ಇಡಬೇಕೆಂದು ತಿಳಿಯಲು. ನಮ್ಮ ಡಿಪೋದಲ್ಲಿ ಹಾಗೆ ಬರೆಸಿದ್ದರೆ ಗೋಡೆಯಲ್ಲಿ ಬರೀ ಗೆರೆಗಳೇ ಉಳಿಯುತ್ತಿದ್ದವು.

ಆತ ಕಬ್ಬಿಣದ ಕಪಾಟು ತೆಗೆದು ಉದ್ದನೆಯ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದ. ಒಳಗೆ ಕೋವಿ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆತ ಮೊದಲು ಅದರ ಹಿಂಬದಿಯ ಗುಂಡು ತಳ್ಳುವ ಬೋಲ್ಟನ್ನು ಕಳಚಿ, ಒಳಗೆ ಗುಂಡಿಲ್ಲವೆಂದು ನನಗೂ ತೋರಿಸಿ, ಆಮೇಲೆ ಮಾತಾಡಿದ. ಅದು ಅವನಪ್ಪನದು. ಅಪ್ಪ ಸತ್ತ ಮೇಲೆ ಪ್ರತಿ ನವೆಂಬರ್‌ನಲ್ಲಿ ಅದನ್ನು ಹಿಡಿದು ನ್ಯೂಯಾರ್ಕ್ ರಾಜ್ಯದ ಬೆಟ್ಟಗಳಲ್ಲಿ ತಮ್ಮನ ಮರದ ಮನೆಗೆ ಹೋಗುತ್ತಾನೆ, ಜಿಂಕೆ ಬೇಟೆಗೆ. ಹೋದ ವರ್ಷ ಮಂಡಿಯ ದೆಸೆಯಿಂದ ತಪ್ಪಿತ್ತು. ಈ ವರ್ಷ ಪೆಟ್ಟಿಗೆ ತೆಗೆದಾಗ ಹೀಗಾಗಿತ್ತು ಎಂದು ನಳಿಗೆಯ ತುದಿಗೆ ಟಾರ್ಚ್ ಹಿಡಿದ.

ನಾನು ಬಗ್ಗಿ ನೋಡಿದೆ. ನಳಿಗೆಯ ಬಾಯಂಚೆಲ್ಲ ತುಕ್ಕು ತಿಂದು ಕುಳಿಬಿದ್ದಿತ್ತು. ಒಳಗೋಡೆಗೆ ಏನೋ ಒಣಗಿದ ಹಳದಿ ಪುಡಿ ಅಂಟಿತ್ತು. ಅದರ ಜೊತೆಗೆ ಕಡ್ಡಿಯ ಚೂರು. ಆ ಹಳದಿಯನ್ನು ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ.

"ಇದು ಗಂಧ ಅಲ್ವಾ?" ಎಂದುಬಿಟ್ಟೆ, ಕನ್ನಡದಲ್ಲೇ.

ಅಕ್ಕನ ಬಾಯಲ್ಲಿ ಆ ಪದ ಕೇಳಿದ್ದ ಫ್ರ್ಯಾಂಕ್ ತಲೆಯಾಡಿಸಿದ. ನಡೆದದ್ದು ಇಷ್ಟು. ಅಕ್ಕ ಪ್ರತಿ ಆಯುಧಪೂಜೆಗೆ ತಮ್ಮ ಕಾರುಗಳಿಗೆ ಪೂಜೆ ಮಾಡಿ, ತಟ್ಟೆ ಹಿಡಿದು ಫ್ರ್ಯಾಂಕ್‌ನ ಗ್ಯಾರೇಜಿಗೂ ಹೋಗುತ್ತಾಳೆ. ಆತನ ಹುಲ್ಲು ಕತ್ತರಿಸುವ ಯಂತ್ರಕ್ಕೆ, ಹಿಮ ತಳ್ಳುವ ಯಂತ್ರಕ್ಕೆಲ್ಲ ಕುಂಕುಮ. ಹೋದ ವರ್ಷ ಆತ ಪ್ರೀತಿಯಿಂದ ಅಪ್ಪನ ಕೋವಿಯನ್ನೂ ತಂದಿಟ್ಟಿದ್ದ. ಅಕ್ಕ ಅದರ ಬಾಯಿಗೆ ಹಸಿ ಗಂಧ ಮೆತ್ತಿ, ನೀರಲ್ಲಿ ಅದ್ದಿದ ಸೇವಂತಿಗೆಯ ತೊಟ್ಟನ್ನು ಒಳಕ್ಕೆ ಸಿಕ್ಕಿಸಿದಳು. ಚೆನ್ನಾಗಿ ಕಂಡಿತು. ಹೂ ತೆಗೆಯುವಾಗ ತೊಟ್ಟು ಒಳಗೇ ಮುರಿದದ್ದು ಯಾರಿಗೂ ತಿಳಿಯಲಿಲ್ಲ. ಹೊರಗಡೆ ಒರೆಸಿ ಪೆಟ್ಟಿಗೆಗಿಟ್ಟ. ಮುಂದಿನ ವಾರ ಮಂಡಿ ಆಪರೇಶನ್. ಸ್ಪಂಜಿನ ಮೆತ್ತೆಯೊಳಗೆ ಆ ತೇವ ಒಂದು ವರ್ಷ ತನ್ನ ಕೆಲಸ ಮಾಡಿತ್ತು.

ಬಾಯಂಚು ಕೆಟ್ಟರೆ ಏನಾಗುತ್ತದೆ ಎಂದು ಆತ ವಿವರಿಸಲು ಹೊರಟ. ನನಗೆ ಬೇಕಿರಲಿಲ್ಲ. ಶಾವಿಗೆ ಒರಳಿನ ಬಿಲ್ಲೆಯ ತೂತಿನ ಅಂಚು ಒಂದು ಕಡೆ ಮುರಿದಿದ್ದರೆ ಎಳೆ ಅತ್ತಲೇ ಸೊಟ್ಟಗೆ ಬರುತ್ತದೆ, ಎಷ್ಟು ನೇರವಾಗಿ ಒತ್ತಿದರೂ. ಗುಂಡೂ ಹಾಗೆಯೇ. ನಳಿಗೆಯ ಉದ್ದಕ್ಕೂ ಸರಿಯಾಗಿಯೇ ಬಂದು, ಬಿಟ್ಟುಹೋಗುವ ಕೊನೆಯ ಕ್ಷಣದಲ್ಲಿ ಒಂದು ಬದಿಗೆ ತಳ್ಳಿಸಿಕೊಳ್ಳುತ್ತದೆ. ಕೆಟ್ಟ ತುದಿಯನ್ನು ಕತ್ತರಿಸಿ ಹೊಸ ಬಾಯಿ ಮಾಡಬೇಕು.

"ರಿಪೇರಿ ಅಂಗಡಿಯವನು ಕ್ರಿಸ್‌ಮಸ್ ಆದಮೇಲೆ ಬಾ ಅಂದ," ಎಂದ ಫ್ರ್ಯಾಂಕ್. "ಅಷ್ಟು ದಿನ ನನ್ನ ಹತ್ತಿರ ಇಲ್ಲ." ತನ್ನ ಕಣ್ಣಿನತ್ತ ಬೆರಳು ತೋರಿಸಿದ. ಎರಡೂ ಕಣ್ಣಿನ ನೋಟದ ನಡುಭಾಗದಲ್ಲಿ ಮಸುಕು ಹಬ್ಬುತ್ತಿದೆಯಂತೆ. ಬಲಗಣ್ಣಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಕೋವಿಯ ದುರ್ಬೀನಿನಲ್ಲಿ ನೋಡಬಹುದು. ಮುಂದಿನ ವರ್ಷ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇದೇ ಕೊನೆಯ ಬೇಟೆ. "ಆದರೆ ಗುರಿ ತಪ್ಪುವ ಕೋವಿ ಹಿಡಿದು ನಾನು ಹೋಗಲ್ಲ. ಗಾಯಗೊಂಡ ಜಿಂಕೆ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ. ಅಪ್ಪ ಅದನ್ನ ಕ್ಷಮಿಸ್ತಿರಲಿಲ್ಲ."

ಆಮೇಲೆ ಎರಡು ಷರತ್ತು ಹಾಕಿದ. ಒಂದು, ನಾನು ವಿಸಿಟರ್ ವೀಸಾದವನು, ಆ ದೇಶದ ಕಾನೂನಿನ ಪ್ರಕಾರ ಕೋವಿ ಮುಟ್ಟುವಂತಿಲ್ಲ. ಕೆಲಸ ಆತನದು, ಕಣ್ಣು ನನ್ನದು. ಇನ್ನೊಂದು, ಅಕ್ಕನಿಗೆ ಹೇಳಕೂಡದು.

"ಆಕೆಗೆ ಬಹಳ ಬೇಸರ ಆಗುತ್ತೆ," ಎಂದ.

ನಾನು ಒಪ್ಪಿಕೊಂಡೆ. ಅಕ್ಕನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ವಂಶದಲ್ಲೇ ಇಲ್ಲ ಎಂಬುದು ಆ ಗಳಿಗೆಯಲ್ಲಿ ಮರೆತಿತ್ತು.

ಮೆಟುಚೆನ್

ಹಿತ್ತಾಳೆಯ ಗುಂಡುತಲೆಯ ಸ್ಕ್ರೂ ಮತ್ತು ವಾಲ್ವ್ ಪೇಸ್ಟ್ ಬೇಕಿತ್ತು. ಬಸ್ಸಿನ ಎಂಜಿನ್ ಬಿಚ್ಚಿದಾಗ ವಾಲ್ವು ತನ್ನ ಜಾಗದಲ್ಲಿ ಬಿಗಿಯಾಗಿ ಕೂರಲೆಂದು ಹಚ್ಚಿ ಉಜ್ಜುವ ಮರಳು ಮರಳಾದ ಪೇಸ್ಟು ಅದು. ಕೋವಿಯ ಬಾಯಿಗೂ ಅದೇ ಬಳಸುತ್ತಾರೆಂದು ಫ್ರ್ಯಾಂಕ್ ಹೇಳಿದಾಗ ನನಗೆ ಊರಿನ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಪಕ್ಕದೂರು ಮೆಟುಚೆನ್‌ನಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಹಳೆಯ ಹಾರ್ಡ್‌ವೇರ್ ಅಂಗಡಿಯಿದೆ, ಅಲ್ಲಿ ಬಿಡಿಬಿಡಿಯಾಗಿ ಕೊಡುತ್ತಾರೆ ಎಂದು ಹೊರಟೆವು. ಅಕ್ಕನಿಗೆ ನಿಂಬೆಹಣ್ಣು ತರುತ್ತೇನೆ ಎಂದೆ.

"ನಿಂಬೆಹಣ್ಣಿಗೆ ಮೆಟುಚೆನ್‌ಗ್ಯಾಕೋ?"

"ಸುತ್ತಾಡಿದ ಹಾಗೂ ಆಯ್ತು."

"ಹ್ಞೂಂ," ಎಂದಳು. ಆ ಹ್ಞೂಂಕಾರ ನಮ್ಮಮ್ಮನದೇ.

ಫ್ರ್ಯಾಂಕ್ ಕಾರು ಓಡಿಸಿದ. ಊರಲ್ಲಿ ಬ್ರೇಕಿಲ್ಲದ ಬಸ್ಸನ್ನು ಡಿಪೋಗೆ ತಂದವನು ನಾನು. ಆದರೂ ಆ ದಿನದಷ್ಟು ಹೆದರಿರಲಿಲ್ಲ. ಆತ ಆಮೆಯ ಹಾಗೆ ಹೋಗುತ್ತ, "ಮುಂದಿನ ಬೋರ್ಡ್ ಏನು?" ಎಂದು ನನ್ನನ್ನು ಕೇಳುತ್ತಿದ್ದ. ಒಂದು ಕಡೆ ಕೆಂಪು ಸ್ಟಾಪ್ ಬೋರ್ಡು ಬಂದರೂ ನಿಲ್ಲಿಸಲಿಲ್ಲ. ಎದುರಿಗೆ ಶಾಲೆಯ ಹಳದಿ ಬಸ್ಸು. ನಾನು "ಅಯ್ಯಯ್ಯೋ!" ಎಂದು ಕೂಗಿದ ಮೇಲೆ ಬ್ರೇಕ್ ಒತ್ತಿದ. ಬಸ್ಸಿನ ಡ್ರೈವರಮ್ಮ ಕೈಬೀಸಿ ನಕ್ಕು ಹೋದಳು! ನಮ್ಮ ಡ್ರೈವರ್ ಆಗಿದ್ದರೆ ಇಳಿದು ಬಂದು ನಮ್ಮ ಏಳು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದ.

"ಫ್ರ್ಯಾಂಕ್, ನೀನು ಕಾರು ಓಡಿಸಬಾರದು," ಎಂದೆ.

"ಐ ಆ್ಯಮ್ ಫೈನ್," ಎಂದ. ಕಣ್ಣು ಆತ ಹೇಳಿದ್ದಕ್ಕಿಂತ ಕೆಟ್ಟಿದೆ ಎಂದು ನನಗೆ ಆಗ ತಿಳಿಯಿತು. ಯಾರಿಗೂ ತೊಂದರೆ ಕೊಡಬಾರದೆಂದು ಬೀದಿಗೆಲ್ಲ ಅಪಾಯ ತರುತ್ತಿದ್ದಾನಲ್ಲ ಎಂದು ಸಿಟ್ಟೂ ಬಂತು.

ಅಂಗಡಿಯಲ್ಲಿ ಮರದ ಡ್ರಾಯರುಗಳ ತುಂಬ ಸ್ಕ್ರೂ. ತಲೆ ಸರಿಯಾಗಿ ದುಂಡಗಿರಬೇಕು, ಸೊಟ್ಟಗಿದ್ದರೆ ಹೊಸ ಬಾಯೂ ಸೊಟ್ಟ. ನಾನು ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಅಮ್ಮ ಬದನೆಕಾಯಿ ಆರಿಸುವ ಹಾಗೆ ಆರಿಸಿದೆ. ಹಿಂದೆ ಸಾಲು ಬೆಳೆಯಿತು. ಅಂಗಡಿಯ ಹುಡುಗಿ "ಟೇಕ್ ಯುವರ್ ಟೈಮ್" ಎಂದಳು. ಸಾಲಿನಲ್ಲಿದ್ದವರೂ ನಕ್ಕರು. ಒಳಗೊಳಗೆ ನನ್ನನ್ನು ಶಪಿಸುತ್ತಿದ್ದರೋ ಏನೋ, ಅದನ್ನು ತಿಳಿಯುವ ದಾರಿ ನನಗಿರಲಿಲ್ಲ.

ನಿಂಬೆಹಣ್ಣು ಮರೆತೇಹೋಯಿತು.

ಮತ್ತೆ ಬೇಸ್‌ಮೆಂಟ್

ಕತ್ತರಿಸುವ ದಿನ ಫ್ರ್ಯಾಂಕ್ ಮೊದಲು ನಳಿಗೆಯೊಳಗೆ ಕಡ್ಡಿ ಬಿಟ್ಟು ಉದ್ದ ಅಳೆದ. ಹದಿನಾರು ಇಂಚಿಗಿಂತ ಗಿಡ್ಡವಾದರೆ ಅದು ಅಪರಾಧ, ಜೈಲೇ ಗತಿಯಂತೆ. ನಮ್ಮದು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ, ಹೋಗುವುದು ಹೆಬ್ಬೆರಳಿನ ಗೆಣ್ಣಿನಷ್ಟು. ಆದರೂ ಎರಡು ಸಲ ಅಳೆದ. ಎಣ್ಣೆ ಬಟ್ಟೆಯನ್ನು ಒಳಕ್ಕೆ ತುರುಕಿದ, ಪುಡಿ ಇಳಿಯದಂತೆ. ವೈಸಿಗೆ ಚರ್ಮದ ಮೆತ್ತೆ ಕೊಟ್ಟು ನಳಿಗೆಯನ್ನು ಬಿಗಿದ. ಟೇಪು ಸುತ್ತಿ ಗೆರೆ ಮಾಡಿದ. ಹ್ಯಾಕ್ಸಾ ಕೈಗೆತ್ತಿಕೊಂಡವನು ಅದರ ಹಲ್ಲನ್ನು ಹೆಬ್ಬೆರಳಿನಿಂದ ಸವರಿದ.

"ಅಪ್ಪ ಇದಕ್ಕೆ ಒಂದು ಗೀರು ಬಿದ್ದರೂ ದಿನವಿಡೀ ಮಾತು ಬಿಡ್ತಿದ್ದ," ಎಂದ.

ಅಪ್ಪನ ವಸ್ತುವಿಗೆ ಗರಗಸ ಇಡುವವನಿಗೆ ಬೇರೆಯವರ ಸಮಾಧಾನ ಉಪಯೋಗಕ್ಕೆ ಬರುವುದಿಲ್ಲ.

ತುದಿ ಕತ್ತರಿಸಿ ಬಿದ್ದ ಮೇಲೆ ಶುರುವಾಯಿತು ನನ್ನ ಶಿಕ್ಷೆ. ಎದುರಿಗೆ ವೈಸ್, ಅದರಲ್ಲಿ ಕೆಲಸ, ಕೈಯಲ್ಲಿ ಅರ ಹಿಡಿದವನು ಇನ್ನೊಬ್ಬ. ಆತನಿಗೆ ಕೆಲಸ ಗೊತ್ತು, ಕಾಣುವುದಿಲ್ಲ. ನನಗೆ ಕಾಣುತ್ತದೆ, ಮುಟ್ಟುವಂತಿಲ್ಲ. ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಅದಕ್ಕೇ ಬೆನ್ನ ಹಿಂದೆ ಕಟ್ಟಿಕೊಂಡೆ. ಕತ್ತರಿಸಿದ ಮುಖವನ್ನು ಅರದಿಂದ ಮಟ್ಟಸ ಮಾಡಬೇಕು. ಆತ ಮುಖಕ್ಕೆ ಮಾರ್ಕರ್ ಮಸಿ ಬಳಿದು ಉಜ್ಜುತ್ತಿದ್ದ, ನಾನು ಭೂತಗನ್ನಡಿಯಲ್ಲಿ ಎಲ್ಲಿ ಮಸಿ ಉಳಿದಿದೆ, ಎಲ್ಲಿ ಹೋಗಿದೆ ನೋಡಿ ಹೇಳುತ್ತಿದ್ದೆ. "ಮೇಲ್ಗಡೆ. ಇನ್ನೂ. ಸಾಕು. ಎಡಗಡೆ. ನಿಧಾನ! ನಿಧಾನ ಮಾರಾಯ!" ಭರದಲ್ಲಿ ಇಂಗ್ಲಿಷ್ ಬಿಟ್ಟುಹೋಗಿ ಕನ್ನಡದಲ್ಲೇ ಗದರುತ್ತಿದ್ದೆ, ಡಿಪೋದ ಹುಡುಗರನ್ನು ಗದರುವ ಹಾಗೆ. ಆತ ಕೋಪಿಸಿಕೊಳ್ಳಲಿಲ್ಲ. ಸರಿಯಾಗಿಯೇ ಅರ್ಥಮಾಡಿಕೊಂಡು ಕೈ ನಿಧಾನ ಮಾಡುತ್ತಿದ್ದ. ಮೂಲೆಮಟ್ಟ ಇಟ್ಟು ಸುತ್ತ ತಿರುಗಿಸಿ ನೋಡಿದಾಗ ಎಲ್ಲೂ ಬೆಳಕು ಇಣುಕದಂತಾಗಲು ಎರಡು ಮಧ್ಯಾಹ್ನ ಹಿಡಿಯಿತು.

ಕೊನೆಗೆ ಹಿತ್ತಾಳೆ ಸ್ಕ್ರೂ. ಅದನ್ನು ಕೈಡ್ರಿಲ್ಲಿಗೆ ಸಿಕ್ಕಿಸಿ, ಗುಂಡು ತಲೆಗೆ ಪೇಸ್ಟ್ ಹಚ್ಚಿ, ನಳಿಗೆಯ ಬಾಯಿಯ ಮೇಲೆ ಕೂರಿಸಿ, ಮೆಲ್ಲಗೆ ಸುತ್ತಿಸುತ್ತ ಡ್ರಿಲ್ಲನ್ನು ಅತ್ತಿತ್ತ ಓಲಾಡಿಸಬೇಕು. ದುಂಡಗಿನದು ದುಂಡಗಿನ ತೂತಿನಲ್ಲಿ ತನ್ನ ನಡುವನ್ನು ತಾನೇ ಹುಡುಕಿಕೊಳ್ಳುತ್ತದೆ. ಒರೆಸಿ ನೋಡಿದರೆ ಬಾಯಿಯ ಸುತ್ತ ಬೂದುಬಣ್ಣದ ತೆಳುವಾದ ಉಂಗುರ, ಎಲ್ಲ ಕಡೆ ಒಂದೇ ಅಗಲ. ಫ್ರ್ಯಾಂಕ್ ಹತ್ತಿಯ ಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಅಂಚಿನ ಗುಂಟ ಎಳೆದ. ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ. ಆತ ಆ ಹತ್ತಿಯನ್ನು ನನ್ನ ಕಣ್ಣಿನ ಮುಂದೆ ಹಿಡಿದು, "ಹೇಳು, ನಿಜ ಹೇಳು," ಎಂದ.

"ಚೆನ್ನಾಗಿದೆ," ಎಂದೆ. ನಾನು ಸುಲಭಕ್ಕೆ ಆ ಮಾತು ಆಡುವವನಲ್ಲ. ಅದು ಆತನಿಗೆ ಅಷ್ಟರಲ್ಲಿ ತಿಳಿದಿತ್ತು.

ಮನೆಗೆ ಹೋದರೆ ಅಕ್ಕ ನನ್ನ ಅಂಗಿಯ ತೋಳು ಹಿಡಿದು ನೋಡಿದಳು. "ದಿನಾ ಅಲ್ಲೋಗಿ ಇಬ್ರೂ ಕುಡೀತೀರಾ?"

"ಇಲ್ಲ ಕಣೇ."

"ಮತ್ತೆ ಈ ಕರಿ?"

ಸೋಫಾದಿಂದ ಭಾವ, "ಲಲಿತ, ಬಿಡು. ಗಂಡಸರು ಏನೋ ರಿಪೇರಿ ಮಾಡ್ಕೊಳ್ತಿರ್ತಾರೆ," ಎಂದರು. ಆ ವಾರ ಅವರಾಡಿದ ಅತಿ ಉದ್ದದ ಮಾತು ಅದು. ಅವರಿಗೆ ಎಷ್ಟು ಗೊತ್ತಿತ್ತೋ ದೇವರೇ ಬಲ್ಲ.

ಆಯುಧಪೂಜೆ

ಬೂದುಗುಂಬಳ ಅಲ್ಲೂ ಸಿಗುತ್ತದೆ, ಆದರೆ ಆ ತಿಂಗಳಲ್ಲಿ ಅಲ್ಲಿನವರ ಹಬ್ಬಕ್ಕೆಂದು ಪ್ರತಿ ಮನೆಯ ಮೆಟ್ಟಿಲ ಮೇಲೂ ಕಿತ್ತಳೆ ಬಣ್ಣದ ಕುಂಬಳಕಾಯಿಗಳೇ. ಅಕ್ಕ ಆ ಕಿತ್ತಳೆಯದನ್ನೇ ಒಡೆಸುತ್ತಾಳೆ. ಬೆಳಿಗ್ಗೆ ಫೋರ್ಟ್ ಲೀಯಿಂದ ಅವಳ ಮಗಳು ಅನು ಬಂದಳು, ಅಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಆದರೆ ಪ್ರಶ್ನೆ ಒಂದೂ ತಪ್ಪಿಸುವುದಿಲ್ಲ. ಅವಳ ಕಾರು, ಭಾವನ ಕಾರು, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲ ಆದಮೇಲೆ ಅಕ್ಕ ಸೀರೆಯ ಮೇಲೆ ಸ್ವೆಟರ್ ಏರಿಸಿ, ತಟ್ಟೆ ಹಿಡಿದು ಪಕ್ಕದ ಗ್ಯಾರೇಜಿಗೆ ಹೊರಟಳು. ಭಾವ ಗಂಟೆ ಹಿಡಿದು ಹಿಂದೆ, ಅವರ ಹಿಂದೆ ನಾವು.

ಕೋವಿಯನ್ನು ತರಬೇಡ ಎಂದು ನಾನು ಹಿಂದಿನ ದಿನವೇ ಫ್ರ್ಯಾಂಕ್‌ಗೆ ಹೇಳಿದ್ದೆ. "ತರದಿದ್ದರೆ ಯಾಕೆ ಅಂತ ಕೇಳ್ತಾಳೆ," ಎಂದಿದ್ದ. ತಂದೇ ಇಟ್ಟಿದ್ದ, ಬೋಲ್ಟ್ ಕಳಚಿ, ಬಿಳಿ ಟವೆಲಿನ ಮೇಲೆ.

ಅಕ್ಕ ಹುಲ್ಲಿನ ಯಂತ್ರ ಮುಗಿಸಿದಳು, ಹಿಮದ ಯಂತ್ರ ಮುಗಿಸಿದಳು. ಗಂಧದ ಬಟ್ಟಲಲ್ಲಿ ಬೆರಳದ್ದಿದಳು. ಇನ್ನೊಂದು ಕೈಯಲ್ಲಿ ಸೇವಂತಿಗೆ, ತೊಟ್ಟಿನಿಂದ ನೀರು ಇಳಿಯುತ್ತಿತ್ತು. ನಾನು ಫ್ರ್ಯಾಂಕ್‌ನ ಮುಖ ನೋಡಿದೆ. ಆತ ನಗುತ್ತಿದ್ದ, ನಕ್ಕೂ ನಕ್ಕೂ ಕೆನ್ನೆ ನಡುಗುತ್ತಿತ್ತು. ಹೂವಿನ ತೊಟ್ಟು ನಳಿಗೆಯ ಬಾಯಿಗೆ ಒಂದು ಗೇಣು ದೂರ ಬಂತು.

"ನೋ! ಅಲ್ಲಿ ಬೇಡ! ನಿಲ್ಲಿಸು!"

ಗ್ಯಾರೇಜೇ ಅದುರುವಂಥ ದನಿ. ಅಕ್ಕನ ಕೈ ಅಲ್ಲೇ ನಿಂತಿತು. ಅನು ಬಾಯಿ ಮೇಲೆ ಕೈಯಿಟ್ಟಳು. ಭಾವ ಮಾತ್ರ ಗಂಟೆ ನಿಲ್ಲಿಸಲಿಲ್ಲ.

"ಸಾರಿ, ಸಾರಿ," ಎಂದ ಫ್ರ್ಯಾಂಕ್. "ನಾನು… ಹೂ ತುಂಬಾ ಚೆನ್ನಾಗಿದೆ. ವಂಡರ್‌ಫುಲ್…"

"ವಂಡರ್‌ಫುಲ್ ಬೇಡ. ಏನಾಯ್ತು ಹೇಳಿ." ಅಕ್ಕ ನನ್ನ ಕಡೆ ತಿರುಗಿದಳು. ನಾನು ಹುಲ್ಲಿನ ಯಂತ್ರವನ್ನು ಮೊದಲ ಸಲ ನೋಡುವವನ ಹಾಗೆ ನೋಡತೊಡಗಿದೆ. ಅವಳ ಕಣ್ಣು ಕೋವಿಯ ಮೇಲೆ ಹೋಯಿತು. "ಇದು ಗಿಡ್ಡ ಆಗಿದೆ."

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಫ್ರ್ಯಾಂಕ್ ಹೇಳಿದ. ಗಂಧ, ತೊಟ್ಟು, ತುಕ್ಕು, ಕಣ್ಣು, ಕೊನೆಯ ಬೇಟೆ. ಅಕ್ಕ ತಟ್ಟೆಯನ್ನು ಯಂತ್ರದ ಮೇಲಿಟ್ಟಳು. "ನಿಮ್ಮಪ್ಪನ ವಸ್ತು. ನಾನು ಹಾಳು ಮಾಡ್ದೆ," ಎಂದು ಅಳುವುದಕ್ಕೇ ಶುರುಮಾಡಿದಳು. ಆದರೆ ಅಳು ಅವಳಿಗೆ ಬಹಳ ಹೊತ್ತು ಒಗ್ಗುವುದಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಗೊತ್ತಾಗಿದ್ದು ಯಾವಾಗ?"

"ಸೆಪ್ಟೆಂಬರ್‌ನಲ್ಲಿ."

"ಮೊನ್ನೆ ಭಾನುವಾರ ನಮ್ಮನೇಲಿ ಊಟಕ್ಕೆ ಕೂತಿದ್ರಿ. ಹೇಳ್ಲಿಲ್ಲ."

"ನಿಮಗೆ ಬೇಸರ ಆಗುತ್ತೆ ಅಂತ."

"ಇಪ್ಪತ್ತು ವರ್ಷದಿಂದ ಪಕ್ಕದ ಮನೇಲಿದ್ದೀನಿ! ಇನ್ನೂ ನಾನು ಗೆಸ್ಟಾ? ಗೆಸ್ಟ್ ಹತ್ರ ತಾನೇ ಎಲ್ಲಾ ಚೆನ್ನಾಗಿದೆ ಅನ್ನೋದು? ಕೋಪ ಬಂದ್ರೆ ಬೈಯೋಕೂ ಆಗದಷ್ಟು ದೂರದವಳಾ ನಾನು?"

ಫ್ರ್ಯಾಂಕ್‌ನ ಕತ್ತು ಕೆಂಪಾಯಿತು. "ಬೈಯಬೇಕಾ? ಹಾಗಾದ್ರೆ ಕೇಳು!" ಎಂದ. "ನಿನ್ನ ಸೋರೆಬಳ್ಳಿ ಪ್ರತಿ ಬೇಸಿಗೆ ನನ್ನ ಬೇಲಿ ಮುರಿಯುತ್ತೆ. ಪ್ರತಿ ಬೇಸಿಗೆ ನಾನು ಮೊಳೆ ಹೊಡೀತೀನಿ. ನಿನ್ನ ಅಡುಗೆಮನೆ ಫ್ಯಾನು ಮೆಣಸಿನಕಾಯಿ ಘಾಟನ್ನ ನೇರ ನನ್ನ ಬೆಡ್‌ರೂಮಿಗೆ ಕಳಿಸುತ್ತೆ. ನಿನ್ನ ಮನೆಗೆ ಬಂದೋರೆಲ್ಲ ನನ್ನ ಡ್ರೈವ್‌ವೇಗೆ ಅಡ್ಡ ಕಾರು ನಿಲ್ಲಿಸ್ತಾರೆ. ಇನ್ನು ಆ ಹಳದಿ ಉಪ್ಪಿಟ್ಟು ನನಗೆ ಸೇರಲ್ಲ! ಇಪ್ಪತ್ತು ವರ್ಷದಿಂದ ತಿಂತಿದ್ದೀನಿ!"

"ಸೇರಲ್ವಾ?" ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಹಿಮ ಬಿದ್ದ ದಿನ ಬೆಳಕು ಹರಿಯೋದ್ರೊಳಗೆ ಈ ಯಂತ್ರ ಬುರ್ ಅನ್ನಿಸ್ತೀಯ, ನಾನೇನಾದ್ರೂ ಅಂದಿದ್ದೀನಾ? ನಿನ್ನ ಹಳೇ ನಾಯಿ ನನ್ನ ತುಳಸಿಗೆ ಕಾಲೆತ್ತಿದ್ದು ಎಷ್ಟು ಸಲ? ನೀನು ಕ್ರಿಸ್‌ಮಸ್‌ಗೆ ಕೊಡೋ ಕೇಕು ಕಲ್ಲು! ನಮ್ಮನೆಯವ್ರ ಹಲ್ಲು ಅಲ್ಲಾಡ್ತಿರೋದು ಅದ್ರಿಂದ್ಲೇ!"

ಎದುರು ಮನೆಯವರು ಹೊರಗೆ ಬಂದು ನಿಂತರು. ಅನು ನನ್ನ ತೋಳು ಜಗ್ಗಿ, "ಮಾಮ, ಶುಡ್ ಐ ಸ್ಟಾಪ್ ದೆಮ್?" ಎಂದಳು.

"ಬೇಡಮ್ಮ," ಎಂದೆ. "ಇಷ್ಟು ವರ್ಷಕ್ಕೆ ಶುರುವಾಗಿದೆ."

ಬೈದು ಬೈದು ಇಬ್ಬರಿಗೂ ಉಸಿರು ಸೋತಿತು. ಅಕ್ಕ ಕೈತೊಳೆದುಕೊಂಡು ಬಂದು, ಒದ್ದೆ ಹೂ ಬಿಟ್ಟು ಒಂದು ಒಣ ಎಸಳು ತೆಗೆದು, "ಎಲ್ಲಿಡ್ಲಿ? ನೀನೇ ಹೇಳು," ಎಂದಳು. ಫ್ರ್ಯಾಂಕ್ ಮರದ ಹಿಡಿಯನ್ನು ತೋರಿಸಿದ. ಅಲ್ಲಿಟ್ಟು ಮಂಗಳಾರತಿ ಎತ್ತಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ನಿಂಬೆಹಣ್ಣಂತೆ, ನಿಂಬೆಹಣ್ಣು. ಮನೆಗೆ ಬಾ ನಿಂಗಿದೆ," ಎಂದಳು.

ಗುರಿಯ ಮೈದಾನ

ಕೋವಿ ಸರಿಯಾಗಿದೆಯೋ ಇಲ್ಲವೋ ಎಂಬುದು ಗುಂಡು ಹೊಡೆದೇ ತಿಳಿಯಬೇಕು. ಬೇಟೆಯ ವಾರ ಹತ್ತಿರ ಬಂದಾಗ ಅನುವಿನ ಕಾರಿನಲ್ಲಿ ಫ್ರ್ಯಾಂಕ್‌ನ ಕ್ಲಬ್ಬಿನ ಮೈದಾನಕ್ಕೆ ಹೋದೆವು. ಅಕ್ಕ ತಾನೂ ಬರುತ್ತೇನೆಂದು ಹಟಮಾಡಿ ಬಂದವಳು, ಕಾರಿನೊಳಗೆ ಕಿವಿಗೆ ಬೆರಳಿಟ್ಟುಕೊಂಡು ಕೂತಳು. ಆತ ಬೆಂಚಿಗೆ ಒರಗಿ ಹೊಡೆದ. ನಾನು ಬೆಂಚಿನ ಪಕ್ಕದ ದೊಡ್ಡ ದುರ್ಬೀನಿನಲ್ಲಿ ಗುರಿಯ ಕಾಗದ ನೋಡಿದೆ. ಮೊದಲನೆಯದು ಬಲಕ್ಕೆ ಹೋಗಿತ್ತು. ಎರಡನೆಯದು ಅದರ ಪಕ್ಕದಲ್ಲೇ. ಮೂರನೆಯದು ಎರಡಕ್ಕೂ ತಾಗಿಕೊಂಡೇ ಬಿತ್ತು. ಮೂರೂ ಒಂದೇ ಕಡೆ ಬಿದ್ದವೆಂದರೆ ಬಾಯಿ ನೆಟ್ಟಗಿದೆ ಎಂದೇ ಅರ್ಥ. ಆತ ಕೋವಿಯ ಮೇಲಿನ ದುರ್ಬೀನಿನ ತಿರುಪು ಸರಿಮಾಡಿಕೊಂಡ, ಮುಂದಿನವು ಕಪ್ಪು ವೃತ್ತದ ನಡುವಿಗೆ ಬಂದವು.

"ಎಲ್ಲಿ?" ಎಂದು ಪ್ರತಿ ಸಲವೂ ನನ್ನನ್ನೇ ಕೇಳುತ್ತಿದ್ದ. ತಾನು ಹೊಡೆದ ತೂತು ಆತನಿಗೆ ಕಾಣುತ್ತಿರಲಿಲ್ಲ.

"ನಡುವೆ, ಫ್ರ್ಯಾಂಕ್."

"ನಿಜ?"

"ನಿಜ."

ಬೋಲ್ಟ್ ಕಳಚಿ, ಕೋವಿಯನ್ನು ಪೆಟ್ಟಿಗೆಗಿಟ್ಟು ಮುಚ್ಚಿದ. ಬೇಟೆಗೆ ತಮ್ಮನೇ ಬಂದು ಕರೆದುಕೊಂಡು ಹೋದ. ವಾರ ಕಳೆದು ಮರಳಿ ತಂದುಬಿಟ್ಟ. ಒಂದೇ ಗುಂಡು, ಜಿಂಕೆ ನಿಂತಲ್ಲೇ ಬಿತ್ತು, ಒದ್ದಾಡಲಿಲ್ಲ ಎಂದು ಫ್ರ್ಯಾಂಕ್ ಬೇಲಿಯಾಚೆ ನಿಂತು ಹೇಳಿದ. ಕೋವಿಯನ್ನು ಕಾಗದಪತ್ರ ಮಾಡಿಸಿ ತಮ್ಮನಿಗೇ ಕೊಟ್ಟುಬಂದಿದ್ದ. ಹೇಳುವಾಗ ಆತನ ದನಿಯಲ್ಲಿ ದುಃಖವೂ ಇತ್ತು, ಒಂದು ಕೆಲಸ ಸರಿಯಾಗಿ ಮುಗಿಸಿದವನ ಸಮಾಧಾನವೂ ಇತ್ತು.

ಕಣ್ಣಾಸ್ಪತ್ರೆಯ ದಾರಿ

ನಾನು ಊರಿಗೆ ಹೊರಡುವ ವಾರ ಒಂದು ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ಫ್ರ್ಯಾಂಕ್ ನಿಂತಿದ್ದ. ಒಳಗೆ ಬರಲಿಲ್ಲ, ನಗಲೂ ಇಲ್ಲ. ತನ್ನ ಕಾರಿನ ಕೀಲಿಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದ.

"ಅಕ್ಕ, ಇವತ್ತು ಕಣ್ಣಿಗೆ ಇಂಜೆಕ್ಷನ್ ಇದೆ. ನನಗೆ ಓಡಿಸೋಕೆ ಆಗಲ್ಲ," ಎಂದ. ಅಷ್ಟು ಹೇಳುವುದಕ್ಕೆ ಆತ ಪಟ್ಟ ಕಷ್ಟವನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. "ನೀನು ಕರ್ಕೊಂಡು ಹೋಗ್ತೀಯಾ?"

ಅಕ್ಕ ಒಲೆ ಆರಿಸಿ ಬಂದಳು. "ಇಷ್ಟು ದಿನ ಹೇಗೆ ಹೋಗ್ತಿದ್ದೆ? ಕಣ್ಣು ಕಾಣದೆ ಓಡಿಸ್ಕೊಂಡು? ಯಾರಿಗಾದ್ರೂ ಗುದ್ದಿದ್ರೆ? ಬುದ್ಧಿ ಬೇಡ್ವಾ ನಿಂಗೆ? ಜಾಕೆಟ್ ಎಲ್ಲಿ? ಈ ಚಳೀಲಿ ಹೀಗೇ ಬಂದಿದ್ದೀಯಲ್ಲ, ಹೋಗು, ಹಾಕ್ಕೊಂಡು ಬಾ!"

ನಾನು ಹಿಂದಿನ ಸೀಟಿನಲ್ಲಿ ಕೂತೆ. ಬೀದಿ ದಾಟುವುದರೊಳಗೆ ಫ್ರ್ಯಾಂಕ್ ಅವಳ ಡ್ರೈವಿಂಗಿನಲ್ಲಿ ತಪ್ಪು ಹುಡುಕಲು ಶುರುಮಾಡಿದ. ಬ್ರೇಕು ತಡವಾಗಿ ಒತ್ತುತ್ತೀಯ, ಈ ದಾರಿ ಸುತ್ತು, ಆ ದಾರಿಯಲ್ಲಿ ಹೋಗಬೇಕಿತ್ತು. ಅಕ್ಕ ಒಂದಕ್ಕೆ ಎರಡರಂತೆ ತಿರುಗಿಸಿ ಕೊಡುತ್ತ, ಕೋಪ ಹೆಚ್ಚಾದಲ್ಲೆಲ್ಲ ಕನ್ನಡಕ್ಕೆ ಇಳಿಯುತ್ತ, ಇಡೀ ದಾರಿ ಬಾಯಿ ಮುಚ್ಚಲಿಲ್ಲ. ಕಿಟಕಿಯ ಹೊರಗೆ ಎಲೆಯುದುರಿದ ಮರಗಳು ಓಡುತ್ತಿದ್ದವು. ಅಮ್ಮ ಹೋದ ಮೇಲೆ ಅಕ್ಕ ಯಾರನ್ನೂ ಅಷ್ಟು ಬಾಯಿತುಂಬ ಬೈದದ್ದನ್ನು ನಾನು ಕೇಳಿರಲಿಲ್ಲ.